ಮುಕ್ತ ತಂತ್ರಾಂಶವೂ ಮನೆಯಂಗಳದ ವಿಶ್ವವಿದ್ಯಾನಿಲಯವೂ

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡಿನ ಗತವೈಭವವನ್ನೋ ಏಕೀಕರಣದ ಚರಿತ್ರೆಯನ್ನೋ ಕವಿಗಳ ಮಹಿಮೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಅದು ಯೋಗ್ಯವಾದ ವಾಡಿಕೆಯೇ ಸರಿ. ಆದರೆ ನಮ್ಮ ಕಾರ್ಯದರ್ಶಿಗಳು ಈ ಸಲ ನನ್ನಂಥ ಬ್ಯಾಂಕಿನ ಗುಮಾಸ್ತನನ್ನು ಹಿಡಿದು, ಮಕ್ಕಳ ಓದಿಗೆ ಉಪಯೋಗವಾಗುವಂಥ ಯಾವುದಾದರೂ ವಿಷಯವನ್ನು ಹೇಳಬೇಕೆಂದು ಅಪ್ಪಣೆ ಮಾಡಿದರು. ನಾನು ಪಂಡಿತನೂ ಅಲ್ಲ, ಎಂಜಿನಿಯರನೂ ಅಲ್ಲ. ಬಿ.ಕಾಂ. ಮಾಡಿ ಜಮಾ ಖರ್ಚು ಬರೆಯುವವನು. ಆದುದರಿಂದ ಈ ವಿಷಯವನ್ನು ಕೂಡ ಒಬ್ಬ ಲೆಕ್ಕಿಗನ ಕಣ್ಣಿನಿಂದಲೇ ನೋಡಿ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಈ ಮುಂಬಯಿಗೆ ನಮ್ಮ ಹಿಂದಿನ ತಲೆಮಾರಿನವರು ಹೇಗೆ ಬಂದರು, ಹೇಗೆ ಓದಿದರು ಎಂಬುದು ತಮಗೆಲ್ಲ ತಿಳಿದ ಸಂಗತಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಕುಳಿತು, ಮೆಟ್ರಿಕ್ ಮುಗಿಸಿ, ಮುಂದೆ ವಕೀಲರೋ ಅಧಿಕಾರಿಗಳೋ ಆದವರು ನಮ್ಮವರಲ್ಲಿ ಅನೇಕರಿದ್ದಾರೆ. ಆ ರಾತ್ರಿಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಆದರೆ ರಾತ್ರಿಶಾಲೆಯ ಅವಶ್ಯಕತೆ ಮುಚ್ಚಿಲ್ಲ. ಇಂದು ಹಗಲೆಲ್ಲ ಅಂಗಡಿಯಲ್ಲೋ ಕೊರಿಯರ್ ಕಚೇರಿಯಲ್ಲೋ ದುಡಿದು, ಡೊಂಬಿವಲಿಯ ಕಡೆಗೆ ಹೋಗುವ ರಾತ್ರಿಯ ಲೋಕಲ್ ಗಾಡಿಯಲ್ಲಿ ಮೊಬೈಲನ್ನು ಕಣ್ಣಿಗೆ ಹಿಡಿದು ಪದವಿಯ ಪಾಠ ಕೇಳುವ ಹುಡುಗನೂ ಹುಡುಗಿಯೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಬೆಂಚು ಆ ಮೊಬೈಲಿನೊಳಗೆ ಇದೆ. ಹಿಂದಿನ ಬೆಂಚು ಸಂಘದ್ದೋ ನಗರಸಭೆಯದೋ ಆಗಿತ್ತು. ಈಗಿನ ಬೆಂಚು ಯಾರದು? ಬೆಂಚಿನ ಧಣಿ ನಾಳೆ ಎದ್ದು ಹೋಗೆಂದರೆ ಹುಡುಗ ಎಲ್ಲಿಗೆ ಹೋಗಬೇಕು? ಇದೇ ನನ್ನ ಈ ದಿನದ ಪ್ರಶ್ನೆ.

ಮೊದಲು ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ವಿಶ್ವವಿದ್ಯಾನಿಲಯವೊಂದು ಅಂತರಜಾಲದ ಮೂಲಕ ಪಾಠ ಹೇಳಬೇಕಾದರೆ ಬರಿಯ ವಿಡಿಯೋ ಸಾಲದು. ವಿದ್ಯಾರ್ಥಿಯ ಹೆಸರನ್ನು ದಾಖಲು ಮಾಡಬೇಕು, ಪಾಠಗಳನ್ನು ವಾರವಾರಕ್ಕೆ ಹಂಚಿಡಬೇಕು, ಪ್ರಶ್ನೆ ಕೇಳಿ ಉತ್ತರ ಪಡೆಯಬೇಕು, ಅಂಕ ಕೂಡಿಸಬೇಕು, ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಚರ್ಚಿಸಲು ಒಂದು ಜಗಲಿ ಕಟ್ಟಿಕೊಡಬೇಕು. ಈ ಎಲ್ಲವನ್ನೂ ಮಾಡುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ನಮ್ಮ ಬ್ಯಾಂಕಿನಲ್ಲಿ ಲೆಡ್ಜರು ಹೇಗೋ, ಅಂಚೆಯಿಲ್ಲದ ಈ ಕಾಲೇಜಿನಲ್ಲಿ ಇದು ಹಾಗೆ. ಹಾಜರಿ ಪುಸ್ತಕ, ಕರಿಹಲಗೆ, ಪರೀಕ್ಷಾ ಕೊಠಡಿ, ಗ್ರಂಥಾಲಯ ಎಲ್ಲವೂ ಇದರೊಳಗೇ.

ಇಂಥ ತಂತ್ರಾಂಶವನ್ನು ಎರಡು ಬಗೆಯಾಗಿ ಪಡೆಯಬಹುದು. ಒಂದು, ಕಂಪನಿಯೊಂದು ತಯಾರಿಸಿ, ಒಳಗಿನ ಬರಹವನ್ನು ಮುಚ್ಚಿಟ್ಟು, ವರ್ಷಕ್ಕಿಷ್ಟೆಂದು ಬಾಡಿಗೆ ಪಡೆದು ಕೊಡುವಂಥದು. ಇನ್ನೊಂದು, ಒಳಗಿನ ಬರಹವನ್ನು ಸರ್ವರ ಮುಂದೆ ತೆರೆದಿಟ್ಟು, "ನೋಡಿರಿ, ಬಳಸಿರಿ, ತಿದ್ದಿರಿ, ಹಂಚಿರಿ" ಎಂದು ಬಿಟ್ಟುಕೊಡುವಂಥದು. ಎರಡನೆಯದಕ್ಕೆ ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶ ಎನ್ನುತ್ತಾರೆ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ, ಮೊದಲಿನದರಲ್ಲಿ ನಿಮಗೆ ಸಾಂಬಾರು ಮಾತ್ರ ಸಿಗುತ್ತದೆ. ಎರಡನೆಯದರಲ್ಲಿ ಸಾಂಬಾರಿನ ಜೊತೆಗೆ ಮಸಾಲೆಯ ಅಳತೆಯ ಚೀಟಿಯೂ ಸಿಗುತ್ತದೆ. ಚೀಟಿ ಕೈಯಲ್ಲಿದ್ದರೆ ಅಡುಗೆಭಟ್ಟರು ಬಿಟ್ಟುಹೋದರೂ ಹೋಟೆಲು ನಿಲ್ಲುವುದಿಲ್ಲ. ಖಾರ ಹೆಚ್ಚಾದರೆ ಕಡಮೆ ಮಾಡಿಕೊಳ್ಳಬಹುದು.

ಈ ವಿಚಾರ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸದಲ್ಲಿದ್ದರು. 1980ರ ಸುಮಾರಿಗೆ ಅಲ್ಲಿಗೆ ಒಂದು ಹೊಸ ಮುದ್ರಣಯಂತ್ರ ಬಂದಿತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಯಂತ್ರದಲ್ಲಿಯೂ ಆ ರೋಗವಿದ್ದಿತು; ಆದರೆ ಅದರ ತಂತ್ರಾಂಶ ತೆರೆದಿದ್ದುದರಿಂದ, ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸೂಚನೆ ಹೋಗುವಂತೆ ಸ್ಟಾಲ್‌ಮನ್ ಅದನ್ನು ತಿದ್ದಿದ್ದರು. ಹೊಸದರ ತಂತ್ರಾಂಶ ಮುಚ್ಚಿದ್ದಿತು. ಅದರ ಮೂಲಬರಹ ಇದ್ದ ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕರ ಬಳಿಗೆ ಹೋಗಿ ಕೇಳಿದರೆ, ಯಾರಿಗೂ ಕೊಡೆನೆಂದು ಕಂಪನಿಗೆ ಬರೆದುಕೊಟ್ಟಿರುವೆನೆಂಬ ಉತ್ತರ ಬಂದಿತು. ನೆರೆಯವನಿಗೆ ಸಹಾಯ ಮಾಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟುಬಿಡುವ ಈ ಪದ್ಧತಿ ಅವರ ಮನಸ್ಸಿಗೆ ನಾಟಿತು. 1983ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರ ಹೊರಬಂದಿತು. ಇದನ್ನು ಪಡೆದವನು ಯಾವ ಕೆಲಸಕ್ಕೂ ಬಳಸಬಹುದು, ಒಳಹೊಕ್ಕು ಕಲಿಯಬಹುದು, ತಿದ್ದಬಹುದು, ಇತರರಿಗೆ ಕೊಡಬಹುದು. ಆದರೆ ತಿದ್ದಿ ಹಂಚುವಾಗ ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡಬೇಕು. ಪರವಾನಗಿಯ ಸಾರ ಇಷ್ಟೇ.

ಇದು ಪಡುವಣದಿಂದ ಬಂದ ಹೊಸ ತತ್ವವೆಂದು ಯಾರೂ ಭಾವಿಸಬೇಕಾಗಿಲ್ಲ. ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಾವು ಶಾಲೆಯಲ್ಲಿಯೇ ಓದಿದ್ದೇವೆ. ಮುದ್ರಣವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕು. ಪ್ರತಿಯನ್ನು ಪಡೆದವನು ಮತ್ತೊಂದು ಪ್ರತಿ ಮಾಡಿಕೊಳ್ಳಲು ಆ ತಾಯಿ ಅಡ್ಡಿ ಹೇಳಲಿಲ್ಲ. ಪ್ರತಿ ಮಾಡಲೆಂದೇ ಅದನ್ನು ಹಂಚಿದಳು. ಗ್ರಂಥ ಉಳಿಯುವುದು ಪೆಟ್ಟಿಗೆಯ ಬೀಗದಿಂದಲ್ಲ, ಪ್ರತಿಗಳಿಂದ ಎಂಬ ಅರಿವು ಕನ್ನಡದ ಹೆಣ್ಣುಮಗಳೊಬ್ಬಳಿಗೆ ಅಂದೇ ಇದ್ದಿತು.

ಇನ್ನು ವಿಶ್ವವಿದ್ಯಾನಿಲಯದ ಕಡೆಗೆ ಬರೋಣ. ಆಸ್ಟ್ರೇಲಿಯ ವಿಶಾಲವಾದ ದೇಶ. ಅದರ ನಡುಭಾಗವೆಲ್ಲ ಮರುಭೂಮಿ. ಅಲ್ಲಿ ನೂರಾರು ಮೈಲಿಗೊಂದು ಮನೆ. ಅಂಥ ಮನೆಗಳ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ರೇಡಿಯೋ ಮೂಲಕ ಪಾಠ ಹೇಳುವ ಶಾಲೆ ಆರಂಭವಾಯಿತು. ವಿಮಾನ ವೈದ್ಯರನ್ನು ಕರೆಯಲು ಇಟ್ಟಿದ್ದ ರೇಡಿಯೋ ಯಂತ್ರವನ್ನೇ ಪಾಠಕ್ಕೂ ಬಳಸಿದರು. ಹೀಗೆ ಮರುಭೂಮಿಯ ನಡುವೆ ರೇಡಿಯೋ ಶಾಲೆಯಲ್ಲಿ ಓದಿ ಬೆಳೆದವರಲ್ಲಿ ಮಾರ್ಟಿನ್ ಡೂಗಿಯಾಮಸ್ ಒಬ್ಬರು. ಮುಂದೆ ಅವರು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾನಿಲಯದಲ್ಲಿ, ವೆಬ್‌ಸಿಟಿ ಎಂಬ ಖಾಸಗಿ ಕಲಿಕಾ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅದರ ಕುಂದುಗಳು ಅವರಿಗೆ ಕಾಣುತ್ತಿದ್ದವು, ಆದರೆ ತಿದ್ದಲು ಅಧಿಕಾರವಿರಲಿಲ್ಲ. ಹಣವಿಲ್ಲದ ಶಾಲೆಗಳಿಗೆ ಅದು ಎಟುಕುವಂತೆಯೂ ಇರಲಿಲ್ಲ. ಆಗ ಅವರು ತಾವೇ ಒಂದನ್ನು ಬರೆಯತೊಡಗಿದರು. 2002ರ ಆಗಸ್ಟ್ 20ರಂದು ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಹೆಸರು ಮೂಡಲ್. ನಮ್ಮ ಕಿವಿಗೆ ಅದು ಮೂಡಲ ದಿಕ್ಕಿನಂತೆ ಕೇಳಿಸುತ್ತದೆ. ಹೆಸರು ಕನ್ನಡದ್ದಲ್ಲವಾದರೂ ಶಕುನ ಒಳ್ಳೆಯದೇ.

ಮೂಡಲನ್ನು ಜಿ.ಪಿ.ಎಲ್. ಪರವಾನಗಿಯ ಕೆಳಗೆ ಬಿಟ್ಟುದರಿಂದ, ಅದು ಒಬ್ಬರ ಸೊತ್ತಾಗಿ ಉಳಿಯಲಿಲ್ಲ. ಒಂದು ದೇಶದ ಅಧ್ಯಾಪಕರು ಪ್ರಶ್ನಪತ್ರಿಕೆಯ ಹೊಸ ಬಗೆಯನ್ನು ಸೇರಿಸಿದರು. ಇನ್ನೊಂದು ದೇಶದವರು ತಮ್ಮ ನುಡಿಗೆ ತಿರುಗಿಸಿದರು. ದೂರಶಿಕ್ಷಣದಲ್ಲಿ ಜಗತ್ತಿಗೇ ಮೇಲ್ಪಂಕ್ತಿ ಹಾಕಿದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾದುದು. ಅಂಚೆ, ರೇಡಿಯೋ, ಟೆಲಿವಿಷನ್‌ಗಳನ್ನು ದಾಟಿ ಬಂದ ಆ ಸಂಸ್ಥೆ 2005ರಲ್ಲಿ ತನ್ನ ಅಂತರಜಾಲ ಶಿಕ್ಷಣಕ್ಕೆ ಮೂಡಲನ್ನೇ ತಳಹದಿಯಾಗಿ ಆರಿಸಿಕೊಂಡಿತು. ಅತ್ತ ಅಮೆರಿಕದಲ್ಲಿ ಮಿಶಿಗನ್, ಇಂಡಿಯಾನ, ಎಂ.ಐ.ಟಿ., ಸ್ಟ್ಯಾನ್‌ಫರ್ಡ್ ಎಂಬ ನಾಲ್ಕು ವಿದ್ಯಾಸಂಸ್ಥೆಗಳು ಕೂಡಿ 2004ರಲ್ಲಿ ಸಕಾಯ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಕಟ್ಟಲು ಕೈಹಾಕಿದವು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದಲ್ಲಿ 2007ರಲ್ಲಿ ಬಿಗ್‌ಬ್ಲೂಬಟನ್ ಎಂಬುದು ಆರಂಭವಾಯಿತು. ಅದು ಮುಖ ನೋಡಿ ಪಾಠ ಹೇಳುವ ತರಗತಿಯ ತಂತ್ರಾಂಶ. ಒಂದು ದೊಡ್ಡ ನೀಲಿ ಗುಂಡಿಯನ್ನು ಒತ್ತಿದಷ್ಟು ಸುಲಭವಾಗಿ ತರಗತಿ ತೆರೆಯಬೇಕೆಂಬ ಆಶಯದಿಂದಲೇ ಅದಕ್ಕೆ ಆ ಹೆಸರು. ತೆನೆಗೆ ತೆನೆ ಕೂಡಿ ಬಳ್ಳವಾಯಿತೆನ್ನಬೇಕು.

ಬಳ್ಳ ತುಂಬುವಾಗ ಇಲಿಯೂ ಬರುವುದು ಲೋಕದ ನಿಯಮ. 2006ರ ಜನವರಿಯಲ್ಲಿ ಬ್ಲ್ಯಾಕ್‌ಬೋರ್ಡ್ ಎಂಬ ಅಮೆರಿಕದ ದೊಡ್ಡ ಕಂಪನಿಗೆ, ಅಂತರಜಾಲದ ಮೂಲಕ ಪಾಠ ನಡೆಸುವ ವ್ಯವಸ್ಥೆಯ ಮೇಲೆಯೇ ಒಂದು ಪೇಟೆಂಟು ದೊರೆಯಿತು. ಒಬ್ಬನೇ ವ್ಯಕ್ತಿ ಒಂದು ತರಗತಿಯಲ್ಲಿ ವಿದ್ಯಾರ್ಥಿಯಾಗಿ ಇನ್ನೊಂದರಲ್ಲಿ ಅಧ್ಯಾಪಕನಾಗಿ ಒಂದೇ ಹೆಸರಿನಿಂದ ಒಳಹೋಗಬಹುದೆಂಬಂಥ ಸಂಗತಿಯೂ ಅದರ ಹಕ್ಕುಗಳಲ್ಲಿ ಸೇರಿತ್ತು. ಅದೇ ವರ್ಷ ಜುಲೈಯಲ್ಲಿ ಅದು ಕೆನಡಾದ ಡಿಸೈರ್‌ಟುಲರ್ನ್ ಎಂಬ ಚಿಕ್ಕ ಕಂಪನಿಯ ಮೇಲೆ ಟೆಕ್ಸಾಸಿನಲ್ಲಿ ದಾವೆ ಹೂಡಿತು. ಮೊಕದ್ದಮೆ ನಡೆದುದು ಎರಡು ಕಂಪನಿಗಳ ನಡುವೆ. ಭಯ ಹಬ್ಬಿದುದು ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿ. ಜಗಲಿಯ ಮೇಲೆ ಕುಳಿತು ಪಾಠ ಹೇಳುವ ಪದ್ಧತಿಗೆ ಯಾರೋ ಒಬ್ಬರು ಬಂದು ಹಕ್ಕುಪತ್ರ ತೋರಿಸಿದಂತಾಯಿತು. 2006ರ ನವೆಂಬರಿನಲ್ಲಿ ಮೂಡಲ್, ಸಕಾಯ್ ಮುಂತಾದ ಮುಕ್ತ ತಂತ್ರಾಂಶಗಳ ಪರವಾಗಿ ವಕೀಲರು ಪೇಟೆಂಟು ಕಚೇರಿಗೆ ಪುನರ್ವಿಮರ್ಶೆಯ ಅರ್ಜಿ ಹಾಕಿದರು. ಯಂತ್ರದ ಮೂಲಕ ಪಾಠ ಹೇಳುವ ಪ್ರಯತ್ನ ಈ ಕಂಪನಿಯಿಂದ ಮೊದಲಾದುದಲ್ಲ, ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ವ್ಯವಸ್ಥೆ 1960ರಲ್ಲಿಯೇ ಆರಂಭವಾಗಿತ್ತು ಎಂಬಂಥ ಹಳೆಯ ದಾಖಲೆಗಳನ್ನು ನಾನಾ ದೇಶದ ಅಧ್ಯಾಪಕರು ಹುಡುಕಿ ಹುಡುಕಿ ಒಟ್ಟುಗೂಡಿಸಿದರು. 2007ರಲ್ಲಿ ಆ ಕಂಪನಿ, ಮುಕ್ತ ತಂತ್ರಾಂಶಗಳ ಮೇಲೆ ತನ್ನ ಪೇಟೆಂಟನ್ನು ಪ್ರಯೋಗಿಸುವುದಿಲ್ಲವೆಂದು ಮಾತು ಕೊಟ್ಟಿತು. 2008ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಜ್ಯೂರಿ ಬ್ಲ್ಯಾಕ್‌ಬೋರ್ಡಿನ ಕಡೆಗೆ ತೀರ್ಪಿತ್ತು, ಸುಮಾರು 31 ಲಕ್ಷ ಡಾಲರು ಪರಿಹಾರ ಹೇಳಿತು. 2009ರ ಜುಲೈಯಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಹೂಡಿದ ಹಕ್ಕುಗಳು ಊರ್ಜಿತವಲ್ಲವೆಂದು ತೀರ್ಮಾನಿಸಿತು. ಈ ವ್ಯಾಜ್ಯದಿಂದ ನಾವು ಕಲಿಯಬೇಕಾದುದೇನು? ಬಯಲು ಎಲ್ಲರದೆಂದು ನಾವು ಸುಮ್ಮನಿದ್ದರೆ ಸಾಲದು. ಬೇಲಿ ಹಾಕಲು ಬಂದವರ ಮುಂದೆ ಹಳೆಯ ಕಾಗದ ತೋರಿಸಲು ಊರವರು ಒಟ್ಟಾಗಿ ನಿಲ್ಲಬೇಕು.

ಇನ್ನೊಂದು ಪ್ರಸಂಗ ಇದಕ್ಕಿಂತ ಹೆಚ್ಚು ನಮಗೆ ಹತ್ತಿರದ್ದು. ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿ, 1982ರಲ್ಲಿ ಮದರಾಸಿನ ಐ.ಐ.ಟಿ.ಯಿಂದ ಪದವಿ ಪಡೆದು, ಅಮೆರಿಕಕ್ಕೆ ಹೋಗಿ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ಅನಂತ ಅಗರವಾಲರ ಹೆಸರನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. 2012ರ ವಸಂತದಲ್ಲಿ ಅವರು ಮತ್ತು ಅವರ ಸಂಗಡಿಗರು ವಿದ್ಯುನ್ಮಂಡಲ ಶಾಸ್ತ್ರದ ಒಂದು ಪಾಠವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಸೇರಬಹುದೆಂದು ತೆರೆದರು. ಸುಮಾರು 1,55,000 ಜನ ಹೆಸರು ಬರೆಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಎಂ.ಐ.ಟಿ.ಯೂ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ತಲಾ 3 ಕೋಟಿ ಡಾಲರು ಹಾಕಿ ಎಡ್ಎಕ್ಸ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದವು. ಅಗರವಾಲರು ಅದರ ಮೊದಲ ಅಧ್ಯಕ್ಷರು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಮುಖ್ಯವಾದ ಮಾತೆಂದರೆ, 2013ರ ಜೂನ್ 1ರಂದು ಈ ಸಂಸ್ಥೆ ತನ್ನ ತಂತ್ರಾಂಶದ ಮೂಲಬರಹವನ್ನು ಓಪನ್ ಎಡ್ಎಕ್ಸ್ ಎಂಬ ಹೆಸರಿನಿಂದ ಲೋಕಕ್ಕೆ ಬಿಟ್ಟುಕೊಟ್ಟಿತು. ಅದನ್ನು ತೆಗೆದುಕೊಂಡು ಫ್ರಾನ್ಸಿನವರು ತಮ್ಮದೊಂದು ರಾಷ್ಟ್ರೀಯ ಕಲಿಕಾ ತಾಣವನ್ನು ಕಟ್ಟಿದರು, ಚೀನದ ಸಿಂಗ್ ಹುವಾ ವಿಶ್ವವಿದ್ಯಾನಿಲಯದವರು ಮತ್ತೊಂದನ್ನು ಕಟ್ಟಿದರು. ಜೋರ್ಡಾನಿನವರು ಬಲದಿಂದ ಎಡಕ್ಕೆ ಓದುವ ಅರಬ್ಬೀ ನುಡಿಯಲ್ಲಿ ಎಡ್ರಾಕ್ ಎಂಬ ತಾಣವನ್ನು ತೆರೆದರು.

ಮುಂದೆ ಏನಾಯಿತು ನೋಡಿರಿ. 2021ರಲ್ಲಿ ಎಡ್ಎಕ್ಸ್ ಸಂಸ್ಥೆಯನ್ನು ಟುಯು ಎಂಬ ವ್ಯಾಪಾರಿ ಕಂಪನಿ 80 ಕೋಟಿ ಡಾಲರಿಗೆ ಕೊಂಡಿತು. ಸಾರ್ವಜನಿಕ ಹಿತಕ್ಕೆಂದು ಕಟ್ಟಿದ ಸಂಸ್ಥೆಯನ್ನು ಮಾರಬಹುದೇ ಎಂದು ಅನೇಕ ಅಧ್ಯಾಪಕರು ಮರುಗಿದರು. ಮೂರು ವರ್ಷ ತುಂಬುವ ಮೊದಲೇ, 2024ರ ಜುಲೈಯಲ್ಲಿ, ಕೊಂಡ ಕಂಪನಿಯೇ ಸಾಲದ ಹೊರೆಯಿಂದ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬ್ಯಾಂಕಿನವನಾದ ನನಗೆ ಇಂಥ ಸುದ್ದಿ ಓದುವಾಗ ಮೊದಲು ಹೊಳೆಯುವ ಪ್ರಶ್ನೆ, ಅಡವು ಯಾವುದು, ಉಳಿದ ಆಸ್ತಿ ಯಾವುದು ಎಂಬುದು. ಇಲ್ಲಿ ಉಳಿದ ಆಸ್ತಿ ಆ ಮೂಲಬರಹ. ಅದು ಮಾರಾಟದಲ್ಲಿ ಮುಚ್ಚಿಹೋಗಲಿಲ್ಲ. ಮಾರಾಟದ ಹಣದಿಂದ ನಡೆಯುವ, ಈಗ ಆಕ್ಸಿಮ್ ಎಂಬ ಹೆಸರಿನ ಲಾಭರಹಿತ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಒಂದು ಪಕ್ಷ ಆ ಸಂಸ್ಥೆಯೂ ನಾಳೆ ಇಲ್ಲವಾದರೆ, ಫ್ರಾನ್ಸಿನ ಪ್ರತಿ ಫ್ರಾನ್ಸಿನಲ್ಲಿ, ಜೋರ್ಡಾನಿನ ಪ್ರತಿ ಜೋರ್ಡಾನಿನಲ್ಲಿ ಓಡುತ್ತಲೇ ಇರುತ್ತದೆ. ಮನೆ ಮಾರಿಹೋದರೂ ಬಾವಿ ಊರಿಗೆ ಉಳಿಯಿತು.

ಆ ಬಾವಿಯಿಂದ ನೀರು ಸೇದಿದವರು ನಮ್ಮ ಪೊವಾಯಿಯಲ್ಲಿಯೇ ಇದ್ದಾರೆ. ಮುಂಬಯಿಯ ಐ.ಐ.ಟಿ. 2013ರಲ್ಲಿ ಎಡ್ಎಕ್ಸ್ ಬಳಗವನ್ನು ಸೇರಿತು. ಬಳಿಕ ಓಪನ್ ಎಡ್ಎಕ್ಸ್ ತಂತ್ರಾಂಶವನ್ನೇ ತಂದು ಐಐಟಿಬಾಂಬೆಎಕ್ಸ್ ಎಂಬ ತನ್ನದೇ ತಾಣವನ್ನು ಕಟ್ಟಿಕೊಂಡಿತು. ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರು ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯಿದೆ. ಇದನ್ನು ನಮ್ಮ ತಾಯಂದಿರೂ ತರುಣರೂ ವಿಶೇಷವಾಗಿ ಗಮನಿಸಬೇಕು. ಲಿನಕ್ಸ್, ಲಿಬ್ರೆಆಫೀಸ್, ಪೈಥಾನ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ಹತ್ತು ನಿಮಿಷಗಳ ಪಾಠಗಳಾಗಿ ಕತ್ತರಿಸಿ, ಅವುಗಳ ಮಾತನ್ನು ಭಾರತೀಯ ಭಾಷೆಗಳಿಗೆ ತಂದಿದ್ದಾರೆ. ಕನ್ನಡದಲ್ಲಿಯೂ ಇವೆ. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ಅಭ್ಯಾಸ. ಕೇಳುತ್ತ ಮಾಡುತ್ತ ಹೋಗಬೇಕು. ಇಳಿಸಿಟ್ಟುಕೊಂಡರೆ ಅಂತರಜಾಲವಿಲ್ಲದೆಯೂ ಕಲಿಯಬಹುದು. ಶುಲ್ಕವಿಲ್ಲ.

ಕೇಂದ್ರ ಸರ್ಕಾರದ ಸ್ವಯಂ ಎಂಬ ತಾಣವನ್ನು 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದರು. ಅಲ್ಲಿ ಪಾಠ ಕೇಳುವುದಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಡಬಹುದೆಂದು ಯು.ಜಿ.ಸಿ. 2021ರ ನಿಯಮಾವಳಿಯಲ್ಲಿ ಹೇಳಿದೆ. ಮೊದಲು ಈ ಮಿತಿ ಶೇಕಡಾ 20 ಇದ್ದಿತು. ಮಕ್ಕಳು ಕಾಲೇಜಿಗೆ ಸೇರುವಾಗ ಈ ಸೌಲಭ್ಯ ಉಂಟೇ ಎಂದು ಕಚೇರಿಯಲ್ಲಿ ಬಾಯಿಬಿಟ್ಟು ಕೇಳುವುದು ತಂದೆತಾಯಿಯರ ಕರ್ತವ್ಯ.

ಈಗ ನನ್ನ ವೃತ್ತಿಗೆ ತಕ್ಕಂತೆ ಜಮಾ ಖರ್ಚು ತೆಗೆಯುತ್ತೇನೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದೆನ್ನುತ್ತಾರೆ. ಬ್ಯಾಂಕಿನವರು ಮಾತ್ರ ಹಲ್ಲು ನೋಡಿಯೇ ತೀರಬೇಕು.

ಮೊದಲು ಜಮೆಯ ಕಡೆ. ಪರವಾನಗಿಗೆ ಬಾಡಿಗೆಯಿಲ್ಲ, ವಿದ್ಯಾರ್ಥಿಗಳು ನೂರಿದ್ದುದು ಸಾವಿರವಾದರೂ ತಲೆಗಿಷ್ಟೆಂದು ಬಿಲ್ಲು ಬರುವುದಿಲ್ಲ. ಮೂಡಲಿನಲ್ಲಿ ಕಟ್ಟಿದ ಒಂದು ಪಾಠವನ್ನು ಗಂಟು ಕಟ್ಟಿ ಇನ್ನೊಂದು ಕಾಲೇಜಿನ ಮೂಡಲಿಗೆ ಒಯ್ದು ಬಿಚ್ಚಬಹುದು. ಅಧ್ಯಾಪಕನ ದುಡಿಮೆ ಒಂದು ಕಂಪನಿಯ ಪೆಟ್ಟಿಗೆಯಲ್ಲಿ ಸಿಕ್ಕಿಬೀಳುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಂಕಗಳನ್ನು ಕೂಡುವ ಲೆಕ್ಕ ತೆರೆದಿರುತ್ತದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಡಿಟರು ಬಂದು ಪುಸ್ತಕ ಬಿಚ್ಚಿ ನೋಡುತ್ತಾರೆ. ನೋಡಲು ಬಿಡದ ಲೆಕ್ಕವನ್ನು ಯಾರೂ ಲೆಕ್ಕವೆನ್ನುವುದಿಲ್ಲ. ಒಬ್ಬ ವಿದ್ಯಾರ್ಥಿಯ ಭವಿಷ್ಯವನ್ನು ತೀರ್ಮಾನಿಸುವ ಅಂಕಪಟ್ಟಿ ಯಾವ ನಿಯಮದಿಂದ ಹುಟ್ಟಿತೆಂಬುದನ್ನು ನೋಡುವ ಹಕ್ಕು ವಿಶ್ವವಿದ್ಯಾನಿಲಯಕ್ಕಾದರೂ ಇರಬೇಡವೇ?

ಇನ್ನು ಖರ್ಚಿನ ಕಡೆ. ಮುಕ್ತವೆಂದರೆ ಪುಕ್ಕಟೆಯಲ್ಲ. ತಂತ್ರಾಂಶವನ್ನು ಇಡಲು ಸರ್ವರ್ ಬೇಕು, ವಿದ್ಯುತ್ತು ಬೇಕು, ದಿನವೂ ನಕಲು ತೆಗೆದಿಡಬೇಕು, ಹೊಸ ಆವೃತ್ತಿ ಬಂದಾಗ ಏರಿಸಬೇಕು, ಕಳ್ಳರಿಂದ ಕಾಯಬೇಕು. ಇದಕ್ಕೆಲ್ಲ ಬಲ್ಲ ಜನ ಬೇಕು. ಅವರಿಗೆ ಸಂಬಳ ಬೇಕು. ಪರವಾನಗಿಗೆ ಹಣವಿಲ್ಲವೆಂದು ಹಿಗ್ಗಿ, ನೋಡಿಕೊಳ್ಳಲು ಒಬ್ಬರನ್ನೂ ನೇಮಿಸದ ಕಾಲೇಜಿನಲ್ಲಿ ಪರೀಕ್ಷೆಯ ದಿನವೇ ಯಂತ್ರ ಮಲಗುತ್ತದೆ. ಆಗ ಬೈಗುಳು ಮುಕ್ತ ತಂತ್ರಾಂಶಕ್ಕೆ. ಬಾವಿ ಊರಿನದೆಂದು ಹಗ್ಗವನ್ನೂ ಊರೇ ತರಲೆಂದು ಕುಳಿತರೆ ನೀರು ಮೇಲೆ ಬರುವುದಿಲ್ಲ.

ಖರ್ಚಿನ ಎರಡನೆಯ ಬಾಬು ಇನ್ನೂ ದೊಡ್ಡದು. 2012ರ ಆ ಪಾಠಕ್ಕೆ 1,55,000 ಜನ ಹೆಸರು ಬರೆಸಿದರೆಂದು ಹೇಳಿದೆನಷ್ಟೆ. ಕೊನೆಯವರೆಗೆ ಓದಿ ತೇರ್ಗಡೆಯಾದವರು ಸುಮಾರು 7,000. ನೂರರಲ್ಲಿ ಐವರೂ ಪೂರ್ತಿಯಾಗಿ ಇಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬಂದವರು ಉಳಿಯುವುದಿಲ್ಲ. ರಾತ್ರಿಶಾಲೆಯಲ್ಲಿ ಹುಡುಗ ಎರಡು ದಿನ ಕಾಣದಿದ್ದರೆ ಮಾಸ್ತರರು ಹೋಟೆಲಿಗೇ ಹೋಗಿ ಧಣಿಯನ್ನು ಕೇಳುತ್ತಿದ್ದರೆಂದು ಹಿರಿಯರು ನೆನೆಯುತ್ತಾರೆ. ತಂತ್ರಾಂಶವೂ ಸೂಚನೆ ಕಳಿಸುತ್ತದೆ, ನಿಜ. ಆದರೆ "ಯಾಕಪ್ಪ, ಮೈಗೆ ಹುಷಾರಿಲ್ಲವೇ?" ಎಂದು ಕೇಳುವ ಕೊರಳು ಮನುಷ್ಯನದೇ ಆಗಬೇಕು. ಆ ಕೊರಳನ್ನು ಯಾವ ಪರವಾನಗಿಯ ಕೆಳಗೂ ಇಳಿಸಿಕೊಳ್ಳಲಾಗುವುದಿಲ್ಲ. ಇಲ್ಲಿಯೇ ನಮ್ಮಂಥ ಸಂಘಗಳಿಗೆ ಕೆಲಸವಿದೆ.

ನುಡಿಯ ಮಾತಿಗೆ ಬರುತ್ತೇನೆ. ರಾಜ್ಯೋತ್ಸವದ ದಿನ ಅದನ್ನು ಬಿಟ್ಟರೆ ತಾವು ಕ್ಷಮಿಸಲಾರಿರಿ. ಮುಚ್ಚಿದ ತಂತ್ರಾಂಶದಲ್ಲಿ ಕನ್ನಡ ಬೇಕಾದರೆ ಕಂಪನಿಗೆ ಅರ್ಜಿ ಬರೆದು, ಅವರಿಗೆ ಅದರಿಂದ ಲಾಭ ಕಾಣುವವರೆಗೆ ಕಾಯಬೇಕು. ಮುಕ್ತ ತಂತ್ರಾಂಶದಲ್ಲಿ ಯಾರ ಅಪ್ಪಣೆಯೂ ಬೇಡ. ಮೂಡಲಿನಲ್ಲಿ ನೂರಕ್ಕಿಂತ ಹೆಚ್ಚು ಭಾಷೆಗಳಿಗೆ ಸ್ಥಾನವಿದೆ, ಕನ್ನಡಕ್ಕೂ ಇದೆ. ಆದರೆ ಕನ್ನಡದ ಕೆಲಸ ಪೂರ್ಣವಾಗಿಲ್ಲ. ಅನುವಾದಿಸಬೇಕಾದ ಮಾತುಗಳು ಸಾಲುಸಾಲಾಗಿ ಕಾದಿವೆ. ಯಾರು ಬೇಕಾದರೂ ಒಂದೊಂದು ಮಾತಿಗೆ ಕನ್ನಡವನ್ನು ಸೂಚಿಸಬಹುದು. ಭಾಷೆಯ ಹೊಣೆ ಹೊತ್ತವರು ನೋಡಿ ಒಪ್ಪಿದರೆ ಅದು ಲೋಕದ ಎಲ್ಲ ಮೂಡಲುಗಳಿಗೂ ತಲಪುತ್ತದೆ.

ಇದು ನಿಘಂಟು ನೋಡಿ ಮಾಡುವ ಕೆಲಸವಲ್ಲ, ಮನೆಮಾತು ಬಲ್ಲವರು ಮಾಡುವ ಕೆಲಸ. ಅಸೈನ್‌ಮೆಂಟ್ ಎಂಬುದಕ್ಕೆ ಮನೆಗೆಲಸವೆಂದರೆ ಮಕ್ಕಳು ಪಾತ್ರೆ ತೊಳೆಯಬೇಕೆಂದು ತಿಳಿದಾರು. ಮನೆಪಾಠವೆಂದರೆ ಟ್ಯೂಷನ್ ಆಗುತ್ತದೆ. ಸಬ್ಮಿಟ್ ಎಂಬುದಕ್ಕೆ ಪಂಡಿತರು ಸಮರ್ಪಿಸು ಎಂದು ಬರೆದರೆ ಅದು ದೇವರ ಮುಂದಿನ ಮಾತಾಯಿತು. ನಮ್ಮ ಅಜ್ಜಂದಿರು ಐಗಳ ಮುಂದೆ ಪಾಠ ಒಪ್ಪಿಸುತ್ತಿದ್ದರಲ್ಲವೇ? ಒಪ್ಪಿಸು ಎಂಬುದೇ ಸಾಕು. ಡೆಡ್‌ಲೈನ್ ಎಂಬುದಕ್ಕೆ ಗಡುವು ಎಂಬ ಗಟ್ಟಿಮುಟ್ಟಾದ ಮಾತಿದೆ. ಧಾರವಾಡದ ಅಜ್ಜಿಗೂ ಉಡುಪಿಯ ದೊಡ್ಡಮ್ಮನಿಗೂ ಮೈಸೂರಿನ ಚಿಕ್ಕಪ್ಪನಿಗೂ ಒಪ್ಪುವ ಮಾತು ಯಾವುದೆಂದು ತೂಗಿ ನೋಡಲು ಹೊರನಾಡಿನ ಸಂಘಕ್ಕಿಂತ ಒಳ್ಳೆಯ ತಕ್ಕಡಿ ಎಲ್ಲಿದೆ? ಎಲ್ಲ ಸೀಮೆಯ ಕನ್ನಡವೂ ಇದೇ ಸಭಾಂಗಣದಲ್ಲಿ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತಿದೆ.

ಆದುದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದು, ಶನಿವಾರ ಸಂಜೆ ನಮ್ಮ ವಾಚನಾಲಯದ ಕೋಣೆಯಲ್ಲಿ ಒಂದು ಕಲಿಕಾಕೂಟ. ಕಚೇರಿಗಳಲ್ಲಿ ಬದಲಾಯಿಸಿ ಬದಿಗಿಟ್ಟ ಎರಡು ಮೂರು ಕಂಪ್ಯೂಟರುಗಳಿದ್ದರೆ ಸಾಕು. ಅವುಗಳಲ್ಲಿ ಲಿನಕ್ಸನ್ನೂ ಮೂಡಲನ್ನೂ ಹಾಕಬಹುದು. ಕೋಣೆಯೊಳಗಿನ ತಂತಿಯಲ್ಲಿಯೇ ಅದು ನಡೆಯುತ್ತದೆ, ಹೊರಗಿನ ಅಂತರಜಾಲ ಇರಲೇಬೇಕೆಂದಿಲ್ಲ. ಪದವಿಯ ಪಾಠ ಕೇಳುವ ತರುಣರು ಅಲ್ಲಿ ಕೂಡಿ ಓದಲಿ. ನಿವೃತ್ತರಾದ ನಮ್ಮ ಮಾಸ್ತರರೂ ಲೆಕ್ಕ ಬಲ್ಲವರೂ ಪಕ್ಕದಲ್ಲಿ ಕುಳಿತು, ಬಾರದವರನ್ನು ವಿಚಾರಿಸಲಿ. ಎರಡನೆಯದು, ಹತ್ತು ಜನರ ಅನುವಾದ ಮಂಡಳಿ. ಒಬ್ಬೊಬ್ಬರು ವಾರಕ್ಕೆ ಇಪ್ಪತ್ತು ಮಾತುಗಳನ್ನು ಕನ್ನಡಕ್ಕೆ ತಂದರೆ, ವರ್ಷಕ್ಕೆ ಹತ್ತು ಸಾವಿರದ ಮೇಲಾಯಿತು. ಈ ಲೆಕ್ಕವನ್ನು ತಾವೇ ಗುಣಿಸಿ ನೋಡಬಹುದು. ಮೂರನೆಯದು, ಪ್ರವೇಶದ ಕಾಲದಲ್ಲಿ ಒಂದು ಸಲಹಾ ಮೇಜು. ಅಂತರಜಾಲದಲ್ಲಿ ಪದವಿ ಕೊಡುತ್ತೇವೆಂಬ ಜಾಹೀರಾತು ನೋಡಿ ಹಣ ಕಟ್ಟುವ ಮೊದಲು, ಆ ವಿಶ್ವವಿದ್ಯಾನಿಲಯದ ಆ ಪದವಿಗೆ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೋಡಿ ಹೇಳುವವರು ಒಬ್ಬರು ಅಲ್ಲಿರಲಿ. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿ ಹಿಡಿದು ಬರುವ ತಂದೆಯರನ್ನು ನೋಡುವ ನಾನು ಹೇಳುತ್ತೇನೆ, ಮಾನ್ಯತೆಯಿಲ್ಲದ ಪದವಿಗೆ ತೆತ್ತ ಹಣಕ್ಕಿಂತ ಅದಕ್ಕೆ ತೆತ್ತ ಮೂರು ವರ್ಷ ದೊಡ್ಡ ನಷ್ಟ.

ಮಹನೀಯರೇ, ನಮ್ಮ ಹಿರಿಯರು ಬರಿಗೈಯಲ್ಲಿ ಬಂದು ಈ ನಗರದಲ್ಲಿ ಶಾಲೆ ಕಟ್ಟಿದರು, ಸಂಘ ಕಟ್ಟಿದರು. ಆಗ ಇಟ್ಟಿಗೆಗೂ ಸುಣ್ಣಕ್ಕೂ ವಂತಿಗೆ ಎತ್ತಬೇಕಾಗಿತ್ತು. ಈಗಿನ ಶಾಲೆಯ ಇಟ್ಟಿಗೆಯನ್ನು ಆಸ್ಟ್ರೇಲಿಯದವರೂ ಕೆನಡಾದವರೂ ಅಮೆರಿಕದವರೂ ಸುಟ್ಟು, ಯಾರು ಬೇಕಾದರೂ ಒಯ್ಯಲೆಂದು ದಾರಿಯ ಪಕ್ಕದಲ್ಲಿ ಒಟ್ಟಿಟ್ಟಿದ್ದಾರೆ. ಗೋಡೆ ಏರಿಸುವುದು, ಅದರ ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದು ನಮ್ಮ ಪಾಲಿನ ಕೆಲಸ. ಅನುವಾದ ಮಂಡಳಿಗೆ ಹೆಸರು ಕೊಡಬಯಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಮೇಜಿನ ಬಳಿ ಬರಬೇಕೆಂದು ಕೋರುತ್ತೇನೆ. ಮೊದಲ ಹೆಸರನ್ನು ನಾನೇ ಬರೆದಿಟ್ಟಿದ್ದೇನೆ.